ಮೇಷ್ಟ್ರ ಮುಂದಿನ ಹಲ್ಲು

ಮೂರು ದಿನದ ಸೈಕಲ್ ಪ್ರವಾಸದ ಮೊದಲ ಏರಿನಲ್ಲೇ ಮೇಷ್ಟ್ರು ಅವಳ ನೀರಿನ ಬಾಟಲಿ ಎತ್ತಿಕೊಂಡು, ಬಾಯಿಗೆ ಕಚ್ಚಿ ಗಟಗಟ ಕುಡಿದರು. ಆಮೇಲೆ ಅದರ ಬಾಯನ್ನು ಅಂಗೈಯಿಂದ ಒರೆಸಿ, ಬಲು ಪ್ರೀತಿಯಿಂದ ವಾಪಸ್ ಕೊಟ್ಟರು. ಅವಳು ಅದನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದು, ಉಳಿದದ್ದನ್ನೆಲ್ಲ ಬೇಲಿಗೆ ಸುರಿದಳು.

"ನೀರಿಗೆ ಏನಾಗಿತ್ತು, ಡಾಕ್ಟ್ರೆ?"

"ನೀರಿಗೇನೂ ಆಗಿರ್ಲಿಲ್ಲ."

ಅವಳು ಹಲ್ಲಿನ ಡಾಕ್ಟರು. ಒಂಬತ್ತು ವರ್ಷದಿಂದ ಊರವರ ಬಾಯಿಯೊಳಗೇ ಅವಳ ಸಂಸಾರ. ಯಾರು ನಕ್ಕರೂ ಅವಳಿಗೆ ಕಾಣುವುದು ಕರೆ, ಕೀವು, ಹುಳುಕು. ಮದುವೆ ನಿಶ್ಚಯವಾಗಿದ್ದ ಹುಡುಗ ಮುತ್ತು ಕೊಡಲು ಬಂದಾಗ "ನಿಮ್ಮ ಬಲಗಡೆ ದವಡೆ ಹಲ್ಲು ಕೊಳೀತಿದೆ" ಎಂದಿದ್ದಳು. ಆ ಸಂಬಂಧ ಅಲ್ಲಿಗೇ ಮುರಿದುಬಿತ್ತು. ಅಂದಿನಿಂದ ಐದು ಜನ ಗೆಳೆಯರ ಈ ಗುಂಪಿನಲ್ಲಿ ಅವಳ ಹೆಸರು 'ಛೀ ಡಾಕ್ಟ್ರು'.

ಇನ್ನು ಈ ಮೇಷ್ಟ್ರು, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವರು, ಅಸಹ್ಯಕ್ಕೇ ಅಂಗಿ ತೊಡಿಸಿದಂತಿದ್ದರು. ಬಾಯಿ ತೆರೆದು ಅಗಿಯುತ್ತಿದ್ದರು. ಸೈಕಲ್ಲಿನ ಬೀಗದ ಕೈಯಲ್ಲೇ ಹಲ್ಲಿನ ಸಂದಿ ಕೆದಕುತ್ತಿದ್ದರು. ಮೂರು ದಿನಕ್ಕೂ ಒಂದೇ ಜೊತೆ ಕಾಲುಚೀಲ. ಅವರು ಪಕ್ಕದಲ್ಲಿ ಬಂದು ಕೂತರೆ ಸಾಕು, ಅವಳು ಎದ್ದು ಆಚೆ ಹೋಗಿ ಕೂರುತ್ತಿದ್ದಳು.

ಆದರೂ ಒಂದು ಮಾತು ಹೇಳಲೇಬೇಕು. ಏರಿನಲ್ಲಿ ಅವಳು ಹಿಂದೆ ಬಿದ್ದಾಗಲೆಲ್ಲ ಮೇಷ್ಟ್ರು ಮುಂದಿನ ತಿರುವಿನಲ್ಲಿ ನಿಂತಿರುತ್ತಿದ್ದರು. ಕಾಯುತ್ತಿದ್ದೇನೆ ಎನ್ನುವ ಹಾಗಿಲ್ಲವಲ್ಲ, ಅದಕ್ಕೆ ಟೈರಿಗೆ ಗಾಳಿ ಹಾಕುತ್ತಿರುವಂತೆ ನಟನೆ. ಓರೆಗಣ್ಣಿನಲ್ಲಿ ಅವಳು ಬಂದಳೋ ಎಂದು ನೋಡುವುದು, ಅವಳು ನೋಡಿದರೆ ತಟ್ಟನೆ ಪಂಪಿನ ಕಡೆ ತಿರುಗುವುದು. ಹಾಕಿ ಹಾಕಿ ಆ ಟೈರು ಕಲ್ಲಾಗಿತ್ತು.

ಮೂರನೇ ದಿನ ತಿಂಡಿಯ ಹೊತ್ತಿಗೆ ಅವರು ಕೇಳಿಯೇಬಿಟ್ಟರು. ತುಟಿಯಂಚಿಗೆ ಮೊಟ್ಟೆಯ ಹಳದಿ ಮೆತ್ತಿತ್ತು.

"ಡಾಕ್ಟ್ರೆ, ನಂಗೆ ನೀವಂದ್ರೆ ಇಷ್ಟ. ಮದುವೆ ಆಗೋಣ್ವಾ?"

ಅವಳ ಕಣ್ಣು ಆ ಹಳದಿಯ ಮೇಲೇ ನೆಟ್ಟಿತ್ತು. "ನಂಗೆ ಬಾಯಿ ಅಂದ್ರೇನೇ ಅಸಹ್ಯ, ಮೇಷ್ಟ್ರೆ. ನಿಮ್ದು ಅಂತಲ್ಲ, ಎಲ್ಲರದ್ದೂ. ನನ್ನ ಕೈಲಿ ಸಂಸಾರ ಆಗಲ್ಲ."

"ಸರಿ" ಎಂದು ಮೇಷ್ಟ್ರು ಬಾಯಿ ಒರೆಸಿಕೊಂಡರು. ಅದೂ ಹಳದಿ ಇಲ್ಲದ ಕಡೆ.

ಅವತ್ತು ಯಾವ ತಿರುವಿನಲ್ಲೂ ಮೇಷ್ಟ್ರು ನಿಂತಿರಲಿಲ್ಲ. ಅವಳಿಗೆ ಬೇಸರವಾಯಿತು. ಇಂಥವನಿಗಾಗಿ ಬೇಸರವೇ ಎಂದು ತನ್ನ ಮೇಲೇ ಹೇಸಿಗೆಯೂ ಆಯಿತು.

ದನದ ಕೊಟ್ಟಿಗೆಯೊಂದರ ಹತ್ತಿರದ ಇಳಿಜಾರಿನಲ್ಲಿ ಮಾತ್ರ ಅವರು ತಡೆಯಲಾರದೆ ಒಮ್ಮೆ ಹಿಂತಿರುಗಿ ನೋಡಿದರು. ಅಷ್ಟರಲ್ಲಿ ಚಕ್ರ ಕಲ್ಲಿಗೆ ಬಡಿಯಿತು. ಅವಳು ತಲುಪುವಾಗ ಮೇಷ್ಟ್ರು ಸಗಣಿ ಗಂಜಲದ ಚರಂಡಿಯಲ್ಲಿ ಕೂತಿದ್ದರು. ಬಾಯಿ ತುಂಬ ರಕ್ತ, ಮೇಲಿನ ಮುಂದಿನ ಹಲ್ಲು ಒಂದು ಇಲ್ಲ.

"ಹೋದ್ರೆ ಹೋಗ್ಲಿ, ಕಟ್ಟಿಸ್ಕೊಂಡ್ರಾಯ್ತು" ಎಂದಳು ಗುಂಪಿನ ಹಿರಿಯಳಾದ ಲಾಯರಕ್ಕ, ಮೂಗು ಮುಚ್ಚಿಕೊಂಡೇ.

"ಬೇಗ ಕೂರಿಸಿದ್ರೆ ಅದೇ ಹಲ್ಲು ಉಳ್ಕೊಳ್ಳತ್ತೆ ಅಕ್ಕ. ತಡ ಆದ್ರೆ ಸತ್ತುಹೋಗತ್ತೆ." ಇಷ್ಟು ಹೇಳುತ್ತಲೇ ಅವಳು ಮಂಡಿಯೂರಿ, ಮೊಣಕೈವರೆಗೂ ಚರಂಡಿಗೆ ಕೈ ಹಾಕಿದ್ದಳು.

ಬೆಚ್ಚಗಿನ ಲೋಳೆ. ಬೆರಳ ಸಂದಿಯಲ್ಲಿ ಹರಿದಾಡುವ ಹುಳು. ಎರಡು ಸಲ ವಾಕರಿಸಿದಳು, ಕೈ ಮಾತ್ರ ಹುಡುಕುತ್ತಲೇ ಇತ್ತು. ಮೂರನೇ ಹಿಡಿಯಲ್ಲಿ ಹಲ್ಲು ಸಿಕ್ಕಿತು. ಕೊಟ್ಟಿಗೆಯ ಮುಂದೆ ಹಾಲು ತುಂಬಿಸಿಕೊಳ್ಳುತ್ತಿದ್ದ ವ್ಯಾನಿನವನು ಕ್ಯಾನಿನ ನೀರು ಸುರಿದ, ಅವಳು ಕೈ ಉಜ್ಜಿ ತೊಳೆದಳು. ಒಂದು ಲೋಟ ಹಾಲೂ ಇಸಿದುಕೊಂಡು, ಬೇರಿಗೆ ಬೆರಳು ತಾಗಿಸದೆ ಹಲ್ಲನ್ನು ಅದರಲ್ಲಿ ಅದ್ದಿ ತೊಳೆದು, ಮೇಷ್ಟ್ರ ವಸಡಿನಲ್ಲಿ ಒತ್ತಿ ಕೂರಿಸಿದಳು.

ವ್ಯಾನಿನ ಹಿಂಬದಿಯಲ್ಲಿ, ಕ್ಯಾನುಗಳ ನಡುವೆ, ಅವರಿಬ್ಬರೇ. ಪಟ್ಟಣದ ಕ್ಲಿನಿಕ್ ತಲುಪುವ ತನಕ ಹಲ್ಲನ್ನು ಹಿಡಿದೇ ಇರಬೇಕಿತ್ತು. ರಕ್ತ ಬೆರೆತ ಜೊಲ್ಲು ಅವಳ ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿತ್ತು. ಮೇಷ್ಟ್ರು ಸಗಣಿ ನಾರುತ್ತಿದ್ದರು. ಇನ್ನೇನು ಅಸಹ್ಯ ಮಾಯವಾಗಬಹುದೆಂದು ಅವಳು ಕಾದಳು. ಅದು ಮಾಯವಾಗಲಿಲ್ಲ. ಆದರೆ ಎದುರಿಗೆ ನೀರು ತುಂಬಿಕೊಂಡು ತನ್ನನ್ನೇ ನೋಡುತ್ತಿದ್ದ ಆ ಎರಡು ಕಣ್ಣು ಬಿಟ್ಟು ಬೇರೆ ಎಲ್ಲಿಗೂ ಹೋಗಬೇಕೆಂದೂ ಅನಿಸಲಿಲ್ಲ.

"ಮೇಷ್ಟ್ರೆ, ಮಾತಾಡ್ಬೇಡಿ, ಸುಮ್ನೆ ಕೇಳಿ. ನಂಗೆ ಈಗ್ಲೂ ಅಸಹ್ಯ ಆಗ್ತಿದೆ. ನಾಳೆನೂ ಆಗತ್ತೆ. ಮದುವೆ ಆದ್ಮೇಲೂ ಬೆಳಗಾದ್ರೆ ಬೈತೀನಿ. ಆದ್ರೆ ಇವತ್ತು ನೀವು ಯಾವ ತಿರುವಿನಲ್ಲೂ ಇರ್ಲಿಲ್ವಲ್ಲ, ಅದು ಇದಕ್ಕಿಂತ ಕೆಟ್ಟದಾಗಿತ್ತು. ನೀವಂದ್ರೆ ನಂಗೂ ಇಷ್ಟ. ಇಂಥವಳು ಪರವಾಗಿಲ್ವಾ?"

ಮೇಷ್ಟ್ರು ತಲೆ ಆಡಿಸಹೊರಟರು.

"ತಲೆ ಅಲ್ಲಾಡಿಸ್ಬೇಡಿ, ಹಲ್ಲು ಕದಲತ್ತೆ. ಹೌದು ಅಂದ್ರೆ ಒಂದ್ಸಲ ಕಣ್ಣು ಮುಚ್ಚಿ. ಇಲ್ಲ ಅಂದ್ರೆ ಎರಡು ಸಲ."

ಮೇಷ್ಟ್ರು ಕಣ್ಣು ಮುಚ್ಚಿದರು. ತೆರೆದು ಅಪ್ಪಿತಪ್ಪಿ ಮತ್ತೆ ಮುಚ್ಚಿಬಿಟ್ಟರೆ ಎರಡಾದೀತೆಂಬ ಹೆದರಿಕೆಗೆ, ಪಟ್ಟಣ ಬರುವವರೆಗೂ ತೆರೆಯಲೇ ಇಲ್ಲ.