ಪರ್ಸೋಂ ಅಂದರೆ ಎಷ್ಟು ದಿನ?

"ಏ ನಿಲ್ರೀ! ನಿಲ್ರೀ! ಏನ್ ಮಾಡಾಕತ್ತೀರಿ ಅಲ್ಲಿ?"

ಬೆನ್ನ ಹಿಂದಿನಿಂದ ಬಂದ ದನಿಗೆ ಮಿಸ್ರಿಯಾ ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣಕ್ಕೆ ಇನ್ನೂ ಒಂದು ಅಕ್ಷರದ ಕೆಲಸ ಬಾಕಿಯಿತ್ತು.

ರಾಯಚೂರಿನ ತೀನ್ ಕಂದೀಲ್ ಬಜಾರು. ಕಿರಾಣಿ ಅಂಗಡಿಯೊಂದರ ಗೋಡೆಗೆ ಒರಗಿಸಿಟ್ಟ ತಗಡಿನ ಬೋರ್ಡು. ಬಣ್ಣ ಹಚ್ಚುವ ಮೊದಲು ಯಾರೋ ಸೀಮೆಸುಣ್ಣದಲ್ಲಿ ಅಕ್ಷರ ಗೀಚಿಟ್ಟು ಚಹಾಕ್ಕೆ ಹೋಗಿದ್ದರು. 'ಇಲ್ಲಿ ಎಲ್ಲಾ ನಮೂನಿ ಬ್ಯಾಳಿ ಸಿಗುತ್ತವೆ.'

ಮಂಗಳೂರಿನ ಪ್ರಕಾಶನವೊಂದರಲ್ಲಿ ಆರು ವರ್ಷದಿಂದ ಕರಡು ತಿದ್ದುವವಳು ಇದನ್ನು ಓದಿ ಸುಮ್ಮನೆ ಮುಂದೆ ಹೋಗುವುದುಂಟೇ? 'ಬ್ಯಾಳಿ'ಯನ್ನು ಅಂಗೈಯಲ್ಲಿ ಒರೆಸಿ 'ಬೇಳೆ' ಮಾಡಿದಳು. 'ನಮೂನಿ'ಯನ್ನು 'ನಮೂನೆ' ಮಾಡುತ್ತಿರುವಾಗ ಸಿಕ್ಕಿಬಿದ್ದಳು.

"ತಪ್ಪಿತ್ತು, ತಿದ್ದಿದೆ," ಎಂದಳು ತಿರುಗಿ.

"ಯಾರ್ ಹೇಳ್ಯಾರ ತಪ್ಪದ ಅಂತ?"

"ನಿಘಂಟು."

"ನಿಘಂಟು ಬ್ಯಾಳಿ ತಗೋಳಾಕ ಬರ್ತದೇನ್ರೀ? ಇಲ್ಲಿಗಿ ಬರಾಕಿ ಮಲ್ಲಟದ ಅಮರಮ್ಮ. ಆಕಿ ಬ್ಯಾಳಿ ತಿಂತಾಳ. ಬೇಳೆ ಅಂತ ಬರದ್ರ, ಇದ್ಯಾವುದೋ ತುಟ್ಟಿ ಮಾಲು ಅಂತ ಮುಂದಿನ ಅಂಗಡಿಗಿ ಹೋಗ್ತಾಳ!"

ಅವನ ಒಂದು ಕೈಯಲ್ಲಿ ಚಹಾದ ಬಸಿ, ಕಿವಿಯ ಮೇಲೆ ಸಿಕ್ಕಿಸಿಕೊಂಡ ಕುಂಚ, ಕಿವಿಯ ತುದಿಗೆ ಕೆಂಪು ಬಣ್ಣ. ಆ ಕಿವಿಯನ್ನು ಮಿಸ್ರಿಯಾ ಗಮನಿಸಿದಳು. ತಾನು ಗಮನಿಸಿದ್ದನ್ನೂ ಗಮನಿಸಿದಳು. ಕರಡು ತಿದ್ದುವವರ ಕಷ್ಟ ಅದು. ಏನೂ ಕಣ್ತಪ್ಪುವುದಿಲ್ಲ.

"ನಿಮ್ಮ ಹೆಸರು?" ಎಂದ ಅವನು.

"ಮಿಸ್ರಿಯಾ."

"ಮಿಶ್ರಿ? ಅಂದ್ರ... ಕಲ್ಲಸಕ್ರಿ?"

"ಮಿಸ್ರಿಯಾ! ಸಕಾರ, ಶಕಾರ ಅಲ್ಲ!"

"ನೋಡ್ರಿ, ಮತ್ತ ತಿದ್ದಿದ್ರಿ," ಅವನು ನಕ್ಕ. "ನಾ ಇನಾಯತ್. ಇದರಾಗೇನು ತಪ್ಪಿಲ್ಲಲ್ಲ?"

ಅಂದು ಬೋರ್ಡಿನ ಮೇಲೆ ಕೊನೆಗೂ 'ಬ್ಯಾಳಿ'ಯೇ ಕೂತಿತು. ಮಿಸ್ರಿಯಾ ಸೋತಳು. ಸೋತದ್ದಕ್ಕೆ ಬೇಸರವೇಕೆ ಆಗಲಿಲ್ಲ ಎಂಬುದು ಮಾತ್ರ ಅವಳಿಗೆ ತಿಳಿಯಲಿಲ್ಲ.

*

ಅವಳ ಪ್ರಕಾಶನ ಕರ್ನಾಟಕದ ಹಳೆಯ ಬೀದಿಗಳ ಬಗ್ಗೆ ಒಂದು ಪುಸ್ತಕ ತರುತ್ತಿತ್ತು. ರಾಯಚೂರಿನ ಅಧ್ಯಾಯ ಬರೆಯಬೇಕಿದ್ದವರು ಬಿಸಿಲಿಗೆ ಹೆದರಿ ಕೈಕೊಟ್ಟರು. ತಪ್ಪು ಹುಡುಕುವವಳೇ ಒಮ್ಮೆ ಬರೆಯಲಿ ಎಂದು ಸಂಪಾದಕರು ಮಿಸ್ರಿಯಾಳನ್ನು ಹನ್ನೆರಡು ದಿನಕ್ಕೆ ಕಳಿಸಿದರು.

ಹಾಗಾಗಿ ಅವಳು ನೋಟ್‌ಬುಕ್ ಹಿಡಿದು ದಿನವೂ ಬಜಾರಿನ ಈ ತುದಿಯಿಂದ ಆ ತುದಿಗೆ ನಡೆದಳು. ಬರೆದುಕೊಂಡಳು.

'ತೀನ್ ಕಂದೀಲ್ ಎಂದರೆ ಮೂರು ಲಾಂದ್ರ. ಎಲ್ಲಿ ಎಂದು ಕೇಳಿದರೆ ಮೂವರು ಮೂರು ದಿಕ್ಕಿಗೆ ಕೈ ತೋರಿಸಿದರು.'

'ಇಲ್ಲಿ ಒಬ್ಬನೇ ಮನುಷ್ಯ ಸೀರೆಯನ್ನು ಕನ್ನಡದಲ್ಲಿ ತೋರಿಸಿ, ತೆಲುಗಿನಲ್ಲಿ ಹೊಗಳಿ, ಉರ್ದುವಿನಲ್ಲಿ ಬೆಲೆ ಹೇಳುತ್ತಾನೆ. ಗಿರಾಕಿ ಮೂರರಲ್ಲೂ ಬೇಡ ಎನ್ನುತ್ತಾಳೆ.'

'ಮಧ್ಯಾಹ್ನ ಎರಡಕ್ಕೆ ಬೀದಿಯಲ್ಲಿ ಎಮ್ಮೆಗಳು ಮತ್ತು ನಾನು. ನೆರಳು ಎಮ್ಮೆಗಳಿಗೆ ಸಿಕ್ಕಿದೆ.'

'ಟೋಪಿ ಅಂಗಡಿಯ ಬುರ್ಹಾನುದ್ದೀನ್, ಎಂಬತ್ತು ದಾಟಿದವರು: ಪರ್ಸೋಂ ತನಕ ಇಲ್ಲಿ ಸಾಲಾಗಿ ಟಾಂಗಾ ನಿಲ್ಲುತ್ತಿದ್ದವಂತೆ.' ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ: 'ಸುಳ್ಳು! ಪರ್ಸೋಂ ಅಂದರೆ ಮೊನ್ನೆ. ಮೂರು ದಿನದಿಂದ ಇಲ್ಲೇ ಇದ್ದೇನೆ. ಒಂದು ಕುದುರೆಯ ಬಾಲವನ್ನೂ ಕಂಡಿಲ್ಲ.'

ಇದನ್ನೆಲ್ಲ ಓದಿ ಹೇಳಿದಾಗ ಇನಾಯತ್ ಏಣಿಯ ಮೇಲಿಂದಲೇ ನಗುತ್ತಿದ್ದ. ಫ್ಲೆಕ್ಸ್ ಬೋರ್ಡುಗಳ ಕಾಲದಲ್ಲೂ ಅವನಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ. ಈ ಊರ ಬಿಸಿಲು ಒಂದೇ ಬೇಸಿಗೆಯಲ್ಲಿ ಫ್ಲೆಕ್ಸಿನ ಮುಖವೆಲ್ಲ ಬಿಳಿಚುವಂತೆ ಮಾಡುತ್ತದೆ. ಆಮೇಲೆ ಎಲ್ಲರೂ ಅವನ ಎಣ್ಣೆಬಣ್ಣಕ್ಕೇ ಬರುತ್ತಾರೆ.

"ನಿಮ್ಮೂರಾಗ 'ಉಂಟು' ಅಂತೀರಲ್ಲ, ಅದೆಂಥ ಮಾತ್ರೀ? ನಂಟು, ಗಂಟು ಇದ್ದಂಗ."

"'ಅದ' ಮಾತ್ರ ಚಂದವಾ? ಅದ, ಇದ! ಏನೋ ಕಳಕೊಂಡವರ ಹಾಗೆ!"

"ಕಳಕೊಂಡಿದ್ದು ಸಿಕ್ಕ ಮ್ಯಾಲೆ ಅದ ಅಂತೀವ್ರೀ."

ಮಿಸ್ರಿಯಾ ಏಣಿ ಹಿಡಿದು ನಿಂತಳು. ಏಣಿ ಅಲುಗುತ್ತಿರಲಿಲ್ಲ. ಆದರೂ ಹಿಡಿದಳು.

ಎಂಟನೇ ದಿನ, ಮಂಗಳವಾರ, ಇನಾಯತ್ ಬಜಾರಿನಲ್ಲಿ ಇರಲಿಲ್ಲ. ದೇವದುರ್ಗದಲ್ಲಿ ಏನೋ ಕೆಲಸವಂತೆ. ಆ ದಿನ ಬೀದಿ ತನ್ನ ನಿಜವಾದ ಉದ್ದ ತೋರಿಸಿತು. ಎಷ್ಟು ನಡೆದರೂ ಮುಗಿಯಲಿಲ್ಲ!

ಅಂದೇ ಅವಳು ನಿರ್ಧರಿಸಿದಳು. *ಹೋಗುವ ಮೊದಲು ಅವನ ಮನಸ್ಸಿನಲ್ಲೇನಿದೆ ಎಂದು ಕೇಳಿಬಿಡುತ್ತೇನೆ. ಪ್ರಶ್ನಾರ್ಥಕ ಚಿಹ್ನೆ ಉಳಿಸಿ ಪುಟ ಮುಚ್ಚುವ ಅಭ್ಯಾಸ ನನಗಿಲ್ಲ.*

*

ಗುರುವಾರ ಇನಾಯತನ ಅಜ್ಜಿ ಇಮಾಮ್ ಬೀ ಊಟಕ್ಕೆ ಕರೆದರು. ಜೋಳದ ರೊಟ್ಟಿ, ಪುಂಡಿಪಲ್ಯ. ಇನಾಯತ್ ಮೊಸರು ತರಲು ಹೋಗಿದ್ದ.

ಇಮಾಮ್ ಬೀ ಮನೆಯಲ್ಲಿ ಮಾತಾಡುವುದು ದಖನಿ, ಈ ಕಡೆಯ ಉರ್ದು. ಮಿಸ್ರಿಯಾ ಬ್ಯಾರಿ ಭಾಷೆ ಆಡುವ ಮನೆಯ ಹುಡುಗಿ. ಅವಳಿಗೆ ಬರುತ್ತಿದ್ದದ್ದು ಶಾಲೆಯಲ್ಲಿ ಕಲಿತ ಹಿಂದಿ. ಪರೀಕ್ಷೆಗಳನ್ನೆಲ್ಲ ಮೊದಲ ದರ್ಜೆಯಲ್ಲಿ ಪಾಸು ಮಾಡಿದ್ದಳು. ಹಾಗಾಗಿ ಅಜ್ಜಿಯ ಮಾತು ಪೂರ್ತಿ ಅರ್ಥವಾಗುತ್ತದೆಂಬ ಭರವಸೆಯಲ್ಲಿ ರೊಟ್ಟಿ ಮುರಿದಳು.

"ಪರ್ಸೋಂಚ್ ಇಸ್ಕೀ ಬಾತ್ ಪಕ್ಕೀ ಹುಯೀ, ಬೇಟಾ," ಅಜ್ಜಿ ಪಲ್ಯ ಬಡಿಸುತ್ತ ಹೇಳಿದರು. "ದೇವದುರ್ಗ ಕೀ ಛೋಕ್ರೀ..."

ಮಿಸ್ರಿಯಾ ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟಳು.

*ಪರ್ಸೋಂ. ಅಂದರೆ ಮೊನ್ನೆ. ಮೊನ್ನೆಯಷ್ಟೇ ಇವನ ಮಾತು ಪಕ್ಕಾ ಆಗಿದೆ... ದೇವದುರ್ಗದ ಹುಡುಗಿಯೊಂದಿಗೆ!*

ಇವತ್ತು ಗುರುವಾರ. ಮೊನ್ನೆ ಮಂಗಳವಾರ. ಮಂಗಳವಾರ ಅವನು ಹೋಗಿದ್ದು ದೇವದುರ್ಗಕ್ಕೇ! ವ್ಯಾಕರಣದಲ್ಲಿ ಎಲ್ಲೂ ತಪ್ಪಿರಲಿಲ್ಲ.

ಅಜ್ಜಿ ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಮೇಕೆ ಒಳನುಗ್ಗಿ ಬುಟ್ಟಿಯಿಂದ ಎರಡು ರೊಟ್ಟಿ ಎತ್ತಿತು. "ಹೋಯ್ ಹೋಯ್! ನಿನ್ನ ಕಾಲ್ ಮುರೀಲಿ!" ಎಂದು ಕೋಲು ಹಿಡಿದು ಇಮಾಮ್ ಬೀ ಬೀದಿಗೆ ಓಡಿದರು. ಮೇಕೆಗೆ ಎರಡು ರೊಟ್ಟಿ ಸಿಕ್ಕಿತು. ಮಿಸ್ರಿಯಾಗೆ ಅರ್ಧ ವಾಕ್ಯ ಸಿಕ್ಕಿತು.

ಬಾಗಿಲಲ್ಲಿ ಇನಾಯತ್ ಮೊಸರಿನ ಪಾತ್ರೆ ಹಿಡಿದು ಬಂದ. ಮುಖವೆಲ್ಲ ನಗು.

"ಅಭಿನಂದನೆ," ಎಂದಳು ಮಿಸ್ರಿಯಾ ಎದ್ದು ನಿಂತು.

"ಹಾ! ಅಜ್ಜಿ ಹೇಳಿಬಿಟ್ಲೇನು? ನಾನೇ ಹೇಳಬೇಕಂತಿದ್ದೆ. ಭಾಳ ದಿನದಿಂದ ಕಾದಿದ್ನಿರೀ!"

"ಸಂತೋಷ..."

"ಶನಿವಾರ ಕಲ್ಲೂರಾಗ ಶುರು. ನೀವೂ ಬರ್ರಿ ನೋಡಾಕ. ನೀವಿದ್ರ ನನಗ ಧೈರ್ಯ."

*ನಾನು ಬರಬೇಕೆ? ಇವನ ಶಾಸ್ತ್ರ ನೋಡಲು? ಧೈರ್ಯಕ್ಕೆ?!*

"ನನಗೆ ಕೆಲಸ ಉಂಟು. ಶನಿವಾರವೇ ಊರಿಗೆ ಹೊರಡುತ್ತೇನೆ."

"ಇನ್ನಾ ಎರಡು ದಿನ ಅದಾವಲ್ಲ..."

"ಬೀದಿ ನೋಡಿ ಮುಗೀತು."

ಇನಾಯತನ ನಗು ಪಾತ್ರೆಯೊಳಗಿನ ಮೊಸರಿನಂತೆ ಅಲ್ಲೇ ಹೆಪ್ಪುಗಟ್ಟಿತು. ಅವನು ಹೇಳುತ್ತಿದ್ದದ್ದು ಕಲ್ಲೂರಿನ ದೊಡ್ಡ ಕೆಲಸದ ಬಗ್ಗೆ. ಬಸ್ ನಿಲ್ದಾಣದ ಹತ್ತಿರದ ಹೊಸ ಸಾಲಿನ ಅಂಗಡಿಗಳ ಅಷ್ಟೂ ಬೋರ್ಡು ಅವನಿಗೇ ಸಿಕ್ಕಿತ್ತು. ಆ ಸಾಲಿನ ಮಾಲೀಕನನ್ನು ಕಂಡು ಒಪ್ಪಿಸಲು ಮಂಗಳವಾರ ದೇವದುರ್ಗಕ್ಕೆ ಹೋಗಿದ್ದ. ಇದನ್ನು ಒಂದು ಸಾಲಿನಲ್ಲಿ ಹೇಳಬಹುದಿತ್ತು. ಆದರೆ ಇಬ್ಬರೂ ತಮ್ಮ ಮಾತು ಎದುರಿನವರಿಗೆ ಅರ್ಥವಾಗಿದೆ ಎಂದು ಖಂಡಿತವಾಗಿ ನಂಬಿದ್ದರು.

"ಹಂಗಾ... ಹೋಗಿಬರ್ರಿ," ಎಂದ ಅವನು.

ಮೊಸರು ಹಾಗೇ ಉಳಿಯಿತು.

*

ಶನಿವಾರ ಮಧ್ಯಾಹ್ನ ಮಂಗಳೂರಿನ ಬಸ್ಸು. ಕಿಟಕಿ ಪಕ್ಕದ ಸೀಟು. ಮಿಸ್ರಿಯಾ ಅಳಲಿಲ್ಲ. ಕೆಂಪು ಪೆನ್ನು ತೆಗೆದು ತನ್ನದೇ ನೋಟ್‌ಬುಕ್ ತಿದ್ದಲು ಕೂತಳು. ಕೆಲವರು ಅಳುತ್ತಾರೆ, ಕೆಲವರು ಅಲ್ಪವಿರಾಮ ಹಾಕುತ್ತಾರೆ.

'ಬುರ್ಹಾನುದ್ದೀನ್: ಪರ್ಸೋಂ ತನಕ ಇಲ್ಲಿ ಟಾಂಗಾ...' ಪಕ್ಕದಲ್ಲಿ 'ಸುಳ್ಳು!'

ಪುಟ ತಿರುಗಿಸಿದಳು. ಐದನೇ ದಿನ. 'ಚಹಾ ಅಂಗಡಿಯ ಖಾಜಾ, ಅರವತ್ತು ವರ್ಷ: ಪರ್ಸೋಂ ನಾ ಶಾಲಿಗಿ ಹೋಗುವಾಗ ಈ ಬೇವಿನ ಗಿಡ ನನ್ನಷ್ಟೇ ಎತ್ತರ ಇತ್ತು.' ಪಕ್ಕದಲ್ಲಿ '??'

ಪೆನ್ನು ನಿಂತಿತು.

ಅವಳ ಸಂಪಾದಕರದ್ದು ಒಂದು ನಿಯಮವಿತ್ತು. ಒಬ್ಬರು ಒಂದು ಸಲ ಬರೆದರೆ ತಪ್ಪು. ಮೂರು ಜನ ಹಾಗೇ ಬರೆದರೆ ಬಳಕೆ. ತಿದ್ದುವ ಮೊದಲು ಎಣಿಸು.

*ಬುರ್ಹಾನುದ್ದೀನ್ ಒಂದು. ಖಾಜಾ ಎರಡು. ಇಮಾಮ್ ಬೀ...*

ನೋಟ್‌ಬುಕ್ ಮುಚ್ಚಿ ಪಕ್ಕಕ್ಕೆ ತಿರುಗಿದಳು. ಪಕ್ಕದ ಸೀಟಿನಲ್ಲಿ ಮಾನ್ವಿಗೆ ಹೊರಟಿದ್ದ ಒಬ್ಬ ಮುದುಕಿ, ದಾವಲ್ ಬೀ, ಎಲೆಯಡಿಕೆ ಮಡಚುತ್ತಿದ್ದರು.

"ಅಮ್ಮಾ, ಪರ್ಸೋಂ ಅಂದರೆ ಎಷ್ಟು ದಿನದ ಹಿಂದೆ?"

"ಅದನ್ನ ಹೆಂಗ ಹೇಳೂದವ್ವಾ?" ದಾವಲ್ ಬೀ ಯೋಚಿಸಿದರು. "ನನ್ನ ಲಗ್ನ ಪರ್ಸೋಂ ಆತು."

"ಪರ್ಸೋಂ?!"

"ಹೂಂ. ಮೊಮ್ಮಗ ಈಗ ಕಾಲೇಜಿಗಿ ಹೊಂಟಾನ."

"ಹಾಗಾದರೆ... ಮೊನ್ನೆ, ನಿಜವಾದ ಮೊನ್ನೆ ಆದದ್ದಕ್ಕೆ ಏನು ಹೇಳ್ತೀರಿ?"

"ಅದಕೂ ಪರ್ಸೋಂ. ಆಗಿ ಹೋದದ್ದು ಎಲ್ಲಾ ಪರ್ಸೋಂನ ಅಲ್ಲೇನವ್ವಾ?"

ಮೊದಲ ದರ್ಜೆಯ ಪ್ರಮಾಣಪತ್ರಗಳೆಲ್ಲ ಮಿಸ್ರಿಯಾಳ ಕಣ್ಣೆದುರು ಒಂದೊಂದಾಗಿ ಉದುರಿದವು.

*ನಾನು... ನಾನು ಅವನ ಅಜ್ಜಿಯನ್ನು ಶಾಲೆಯ ಪುಸ್ತಕ ಇಟ್ಟುಕೊಂಡು ಓದಿದೆ!*

ಅಷ್ಟರಲ್ಲಿ ಬಸ್ಸು ನಿಧಾನವಾಯಿತು. ಕಲ್ಲೂರು. ಕಿಟಕಿಯಾಚೆ ಹೊಸ ಅಂಗಡಿಗಳ ಸಾಲು. ಮೊದಲ ಬೋರ್ಡಿನ ಬಣ್ಣ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ದೊಡ್ಡ ಕೆಂಪು ಅಕ್ಷರಗಳಲ್ಲಿ 'ಎಲ್ಲಾ ನಮೂನಿ ಬ್ಯಾಳಿ'. ಅದರ ಕೆಳಗೆ ಚಿಕ್ಕದಾಗಿ, ಬಹಳ ಅಂದವಾಗಿ, ಒಂದು ಸಾಲು.

'ಮಂಗಳೂರಿನವರಿಗೆ: ಬೇಳೆ ಉಂಟು.'

ಕಲ್ಲೂರಿಗೆ ಬೇಳೆ ಕೊಳ್ಳಲು ಮಂಗಳೂರಿನಿಂದ ಯಾರು ಬರುತ್ತಾರೆ?

"ನಿಲ್ಲಿಸಿ! ಇಳೀಬೇಕು ಮಾರಾಯ್ರೆ!"

"ಮಂಗ್ಳೂರು ಟಿಕೆಟ್ ತಗಂಡು ಕಲ್ಲೂರಾಗ ಇಳೀತೀರೇನ್ರೀ?" ಕಂಡಕ್ಟರ್ ಅಂಬರೀಶ ಕಣ್ಣರಳಿಸಿದ. "ಇನ್ನಾ ಹದಿಮೂರು ತಾಸಿನ ದಾರಿ ಅದ!"

"ನನಗೆ ಇಷ್ಟೇ ಸಾಕು."

"ಇಳೀಲಿ ಬಿಡಪ್ಪಾ," ದಾವಲ್ ಬೀ ಅವಳ ಚೀಲ ಎತ್ತಿಕೊಟ್ಟರು. "ಮಾರಿ ನೋಡಿದ್ರ ತಿಳಿವಲ್ದೇನು ನಿನಗ?"

*

ಇನಾಯತ್ ಏಣಿಯ ಮೇಲಿದ್ದ. ಎರಡನೇ ಬೋರ್ಡು ಬರೆಯುತ್ತಿದ್ದ.

"ಎರಡು ದಿನವಾ, ಇಪ್ಪತ್ತು ವರ್ಷವಾ?" ಕೆಳಗಿನಿಂದ ಮಿಸ್ರಿಯಾ ಕೇಳಿದಳು. ಓಡಿಬಂದ ಏದುಸಿರಿನಲ್ಲಿ ಬೇರೇನೂ ಹೊಳೆಯಲಿಲ್ಲ. "ಎಷ್ಟು ದಿನ? ಎಷ್ಟು ವರ್ಷ? ದೇವದುರ್ಗದ ಹುಡುಗಿ... ನಿಮ್ಮ ಮಾತು ಪಕ್ಕಾ ಆದದ್ದು ಯಾವಾಗ?"

ಅವನ ಕುಂಚ ಜಾರಿತು. 'ಗೊಬ್ಬರ'ದ ಗೊ ಅಕ್ಷರಕ್ಕೆ ಉದ್ದನೆಯ ಬಾಲ ಬಂತು.

"ಆ ಮಾತಾ? ಏಳು ವರ್ಷ ಆತ್ರೀ! ಆಕಿ ಆಗಲೇ ಬ್ಯಾಡ ಅಂದ್ಲು. ಮಾನ್ವಿ ಮಾಸ್ತರನ್ನ ಲಗ್ನ ಆದ್ಲು. ಅವರ ಮನಿ ಮುಂದಿನ ಬೋರ್ಡು ನಾನಾ ಬರದೀನಿ. ಯಾರ್ ಹೇಳಿದ್ರು ನಿಮಗ?"

"ನಿಮ್ಮ ಅಜ್ಜಿ. ಪರ್ಸೋಂ ಅಂದರು."

ಇನಾಯತ್ ಅವಳನ್ನೇ ನೋಡಿದ. ಗುರುವಾರ, ಮೊಸರು, 'ಅಭಿನಂದನೆ', 'ಬೀದಿ ನೋಡಿ ಮುಗೀತು'... ಒಂದೊಂದೇ ತನ್ನ ಜಾಗದಲ್ಲಿ ಕೂತಿತು. ಏಣಿಯ ಮೇಲೆಯೇ ನಗಲು ಶುರುಮಾಡಿದ. ಈ ಸಲ ಏಣಿ ನಿಜವಾಗಿಯೂ ಅಲುಗಿತು. ಮಿಸ್ರಿಯಾ ಓಡಿ ಹಿಡಿದಳು.

"ನಗಬೇಡಿ! ಎರಡು ದಿನ ನಾನು ಅನ್ನ ತಿಂದಿಲ್ಲ!"

"ನಾನೂ ಮೊಸರು ಮುಟ್ಟಿಲ್ರೀ." ಅವನು ಕೆಳಗಿಳಿದ. ಕಿವಿಯ ತುದಿಯಲ್ಲಿ ಅದೇ ಕೆಂಪು. ದನಿ ಮೆತ್ತಗಾಯಿತು. "ಬೀದಿ ಮುಗೀತು ಅಂದ್ರಿ. ನಾನೂ ಆ ಬೀದಿಯಾಗಿನ ಒಂದು ಬೋರ್ಡು ಅಷ್ಟಾ ಏನೋ, ಓದಿದ್ರು, ಹೊಂಟ್ರು ಅನ್ಕೊಂಡೆ."

"ನಾನು ಓದಿದ್ದನ್ನು ಎರಡನೇ ಸಲ ಓದದೆ ಬಿಡುವವಳಲ್ಲ." ಅವಳು ಅವನ ಕಣ್ಣು ನೋಡಿಯೇ ಹೇಳಿದಳು. "ಇನಾಯತ್, ನನಗೆ ನೀವು ಇಷ್ಟ. ಇದರಲ್ಲಿ ತಿದ್ದುವುದು ಏನೂ ಇಲ್ಲ. ನಿಮಗೆ ನಾನು...?"

"ಬೋರ್ಡಿಗಿ ಬರದು ಹಚ್ಚೀನಲ್ರೀ. ಮಾಲೀಕ ಬೈದ, ಯಾರಿದು ಮಂಗ್ಳೂರಿನವರು ಅಂತ. ಒಬ್ಬರಾ ಅದಾರ, ಬಂದ್ರ ಬರ್ತಾರ ಅಂದೆ."

ಮಿಸ್ರಿಯಾಳ ಕಣ್ಣು ತುಂಬಿತು. ಅಲ್ಪವಿರಾಮಗಳು ಮುಗಿದಿದ್ದವು.

"ಯಾವಾಗಿನಿಂದ?" ಎಂದಳು.

"ಪರ್ಸೋಂ ಇಂದ."

"ಯಾವ ಪರ್ಸೋಂ?"

"ನೀವು ನನ್ನ ಬ್ಯಾಳಿ ಅಳಿಸಿದ್ರಲ್ಲ, ಆ ಪರ್ಸೋಂ." ಅವನು ಅವಳ ಚೀಲವನ್ನು ಹೆಗಲಿಗೆ ಏರಿಸಿಕೊಂಡ. "ಅಜ್ಜೀನ ಕರಕೊಂಡು ನಿಮ್ಮ ಮನಿಗಿ ಬರ್ತೀನಿ. ಯಾವಾಗ ಬರ್ಲಿ, ಕಲ್ಲಸಕ್ರಿ?"

ಈ ಸಲ ಅವಳು ಹೆಸರು ತಿದ್ದಲಿಲ್ಲ.

"ಪರ್ಸೋಂ ಬನ್ನಿ," ಎಂದಳು. "ನಿಮ್ಮ ಅಜ್ಜಿಯ ಪರ್ಸೋಂ ಅಲ್ಲ ಮತ್ತೆ. ನನ್ನ ಪುಸ್ತಕದ್ದು. ನಾಡಿದ್ದು, ಎರಡೇ ದಿನ!"