ಸುಚಿತ್ರಾಗೆ ಹಿಡಿದ ಸೀಟು

“ಒಗಿಯಲೇ ಮೈಲೇಶ, ಲಗೂ ಒಗಿ!”

ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ರಾಣೆಬೆನ್ನೂರು ಬಸ್ಸು ಇನ್ನೂ ಸರಿಯಾಗಿ ನಿಂತಿರಲಿಲ್ಲ. ಗೆಳೆಯ ದಿಲಾವರ ಕೂಗಿದ್ದೇ ತಡ, ಮೈಲೇಶ ಕಿಟಕಿಯೊಳಗೆ ಕರ್ಚೀಫ್ ಒಗೆದ. ಕರ್ಚೀಫ್ ಬಿದ್ದ ಸೀಟು ಒಗೆದವರದು. ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ.

ಆದರೆ ಇವತ್ತಿನ ಸೀಟು ಅವನಿಗಲ್ಲ, ಅವನ ಒಂಬತ್ತನೇ ಕ್ಲಾಸಿಗೆ ಹೊಸದಾಗಿ ಬಂದ ಸುಚಿತ್ರಾಗೆ. ಪಾಪ, ಅವಳು ದಿನಾ ನಿಂತುಕೊಂಡೇ ಹೋಗುತ್ತಿದ್ದಳು. ಅವಳ ಜೊತೆ ಒಂದು ಮಾತಾದರೂ ಆಡಬೇಕೆಂದು ಮೈಲೇಶನಿಗೆ ಬಹಳ ಆಸೆ. ಕ್ಲಾಸಿನಲ್ಲಿ ವಟವಟ ಎನ್ನುವ ಹುಡುಗ, ಅವಳನ್ನು ಕಂಡರೆ ಮಾತ್ರ ಬಾಯಿಗೆ ಬೀಗ!

ಸುಚಿತ್ರಾ ಬಸ್ಸು ಹತ್ತಿ ಬಂದಾಗ, “ಸೀಟ್... ನಿಂದ... ಕುಂದ್ರು,” ಎಂದ. ಬಾಯಿಪಾಠ ಮಾಡಿದ್ದರಲ್ಲಿ ಉಳಿದದ್ದು ಇಷ್ಟೇ.

“ನನಗಾ?” ಸುಚಿತ್ರಾ ನಕ್ಕು, ಕರ್ಚೀಫ್ ಎತ್ತಿ ಕೊಡವಿದಳು.

ಅಯ್ಯೋ! ಬೆಳಿಗ್ಗೆ ಅವ್ವನ ಜೊತೆ ಒಣಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಮೈಲೇಶ ಮೂಗಿಗೆ ಕಟ್ಟಿಕೊಂಡಿದ್ದ ಕರ್ಚೀಫ್ ಅದು!

“ಆಕ್ಷೀ!” ಎಂದಳು ಸುಚಿತ್ರಾ. “ಆಕ್ಷೀ!” ಎಂದ ಕಂಡಕ್ಟರ್. ಹಿಂದಿನ ಸೀಟಿನ ಅಜ್ಜಿ ಸೀನುತ್ತಲೇ, “ಯಾರಲೇ ಅದು, ಬಸ್ಸಿನ್ಯಾಗ ಒಗ್ಗರಣಿ ಹಾಕಿದಾಂವಾ?” ಎಂದಳು. ಬಸ್ಸಿಗೆ ಬಸ್ಸೇ ಗೊಳ್ಳೆಂದು ನಕ್ಕಿತು.

ಸುಚಿತ್ರಾಳ ಕಣ್ಣಲ್ಲಿ ನೀರು. ಮೈಲೇಶ ಸರ್ರನೆ ಹಿಂದೆ ಹೋಗಿ ನಿಂತ. ನಾಚಿಕೆಯಿಂದ ತಲೆ ಎತ್ತಲಿಲ್ಲ.

“ಹೋಗಿ ಸಾರಿ ಕೇಳಲೇ,” ದಿಲಾವರ ತಿವಿದ.

“ಆಕಿ ಇನ್ನ ನನ್ನ ಮಾರಿನೂ ನೋಡಂಗಿಲ್ಲ ಬಿಡೋ.”

ಮರುದಿನ ಅವನು ಬೇಕೆಂದೇ ತಡಮಾಡಿ ಬಂದ. ಬಸ್ಸು ತುಂಬಿತ್ತು. ಕಿಟಕಿಯಿಂದ ಒಂದು ಕೈ ಬೀಸಿತು.

“ಏ ಮೈಲೇಶ! ಸೀಟ್ ಹಿಡದೇನಿ, ಬಾ. ನಿನ್ನ ಕರ್ಚೀಫ್ ಮಾತ್ರ ಹೊರಗ ತಗೀಬ್ಯಾಡ!”

ಸುಚಿತ್ರಾ! ಅವಳ ಪಕ್ಕದ ಸೀಟಿನಲ್ಲಿ ಇಸ್ತ್ರಿ ಮಾಡಿದ ನೀಲಿ ಕರ್ಚೀಫ್ ಇತ್ತು. ಅದನ್ನು ತೆಗೆದುಕೊಂಡು, ಇಬ್ಬರ ನಡುವೆ ಸ್ಕೂಲ್ ಬ್ಯಾಗ್ ಇಟ್ಟಳು. ಮೈಲೇಶ ತುದಿಯಲ್ಲಿ ಕುಳಿತ.

“ನಿನ್ನೆ... ಸಾರಿ.”

“ನಂಗ ನೆಗಡಿಯಾಗಿ ಮೂಗು ಕಟ್ಟಿತ್ತು. ನಿನ್ನೆ ಸೀನಿ ಸೀನಿ ಪೂರಾ ಬಿಟ್ಟೈತಿ, ಖರೇನ!”

ಇಬ್ಬರೂ ನಕ್ಕರು. ಬಸ್ಸು ಹೊರಟಿತು.

ಮೈಲೇಶ ಓರೆಗಣ್ಣಿನಿಂದ ನೋಡಿದ. ಸುಚಿತ್ರಾ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಳು. ಇವತ್ತು ಖಾರದ ಘಾಟೇನೂ ಇರಲಿಲ್ಲ. ಆದರೂ ಅವಳ ಮುಖ ಕೆಂಪಾಗಿತ್ತು.

ಓ, ಇವಳಿಗೂ ಮಾತು ಸಿಗುತ್ತಿಲ್ಲ!

ಮೈಲೇಶನ ಎದೆ ಹಗುರಾಯಿತು. ಅವನು ಸೀಟಿಗೆ ಒರಗಿ ಆರಾಮಾಗಿ ಕುಳಿತ. ರಾಣೆಬೆನ್ನೂರು ಇನ್ನೂ ದೂರವಿತ್ತು.