ದ್ರಾಕ್ಷಾಯಿಣಿ ಬಡಿದ ರೊಟ್ಟಿ

ಕೊಪ್ಪಳದ ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಈ ಸಂಗತಿಯನ್ನು ಬಲ್ಲವರು ಹಲವರಿದ್ದಾರೆ. ಕೆಲವರು ಇದನ್ನು ರೊಟ್ಟಿಯಿಂದ ಆರಂಭಿಸುತ್ತಾರೆ, ಕೆಲವರು ಮುನಿಸಿನಿಂದ. ಮನೆಯೊಡತಿ ಅಮರಮ್ಮ ಮಾತ್ರ ಬಾಗಿಲು ಬಡಿದ ಸದ್ದಿನಿಂದ ಹೇಳುತ್ತಾರೆ. ಕಣ್ಣಾರೆ ಕಂಡವರು ಅವರೇ ಆದ್ದರಿಂದ ಅವರ ದಾರಿ ಹಿಡಿಯುವುದೇ ಸರಿ.

ಅಂದು ಭಾನುವಾರ. ಅಮರಮ್ಮನ ಮಾಳಿಗೆಯ ಮೇಲಿನ ಕೋಣೆಯಲ್ಲಿ ದ್ರಾಕ್ಷಾಯಿಣಿ ತಲೆಗೆ ಎರೆದುಕೊಂಡು ಕೂದಲು ಒರೆಸಿಕೊಳ್ಳುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು. ಅವಳು ತಿರುಗಿಯೂ ನೋಡಲಿಲ್ಲ.

"ಬರ್ರಿ ಒಳಗ. ಬಚ್ಚಲ ಎಡಕ್ಕೈತಿ, ಚಾರ್ಜರ್ ಕಿಟಕಿ ಕಡೆ ಐತಿ. ಕೂಡ್ರಿ, ಚಾ ಇಡತೀನಿ."

ಬಂದವನು ಚಪ್ಪಲಿ ಕಳಚಿ ಒಳಗೆ ಬಂದ. ಹೇಳಿದಂತೆ ಮೊಬೈಲನ್ನು ಚಾರ್ಜಿಗೆ ಹಾಕಿದ, ಕುರ್ಚಿಯ ಅಂಚಿನಲ್ಲಿ ಕುಳಿತ, ಕೊಟ್ಟ ಚಹಾವನ್ನು ಕೊನೆಯ ಗುಟುಕಿನವರೆಗೆ ಕುಡಿದ.

"ರೈಲಿಗಿ ಬಂದ್ರೋ, ದವಾಖಾನಿಗಿ ಬಂದ್ರೋ?" ಎಂದು ಅವಳು ಕೇಳಿದಳು.

"ಎರಡೂ ಅಲ್ರಿ. ನೀರಿನ ಮೋಟರ್ ಸ್ವಿಚ್ ಎಲ್ಲೈತಿ ಅಂತ ಕೇಳಾಕ ಬಂದಿದ್ನಿ. ಎದುರಿನ ಖೋಲಿಗಿ ನಿನ್ನೆ ಬಂದೀನಿ. ವಿರುಪಾಕ್ಷಿ ಅಂತ."

ಟವೆಲು ಕೈಯಲ್ಲೇ ಉಳಿಯಿತು. "ಮೊದಲ ಹೇಳಬಾರದೇನ್ರಿ?"

"ಹೇಳಾಕ ಎಲ್ಲಿ ಬಿಟ್ರಿ? ಅದೂ ಅಲ್ಲದ, ಕರದು ಚಾ ಕೊಡಾಕತ್ತೀರಿ. ಒಲ್ಲೆ ಅನ್ನೋ ಅಷ್ಟು ದೊಡ್ಡ ಮನಷ್ಯಾ ನಾನಲ್ಲ."

ಅವಳು ನಗಲಿಲ್ಲ, ನಗುವನ್ನು ಟವೆಲಿನಲ್ಲಿ ಮುಚ್ಚಿಟ್ಟುಕೊಂಡಳು. ಅವನು ಅದನ್ನು ಕಂಡ, ಕಂಡಿಲ್ಲವೆಂಬಂತೆ ಮೋಟರಿನ ಸ್ವಿಚ್ಚು ಹುಡುಕಲು ಹೋದ.

ಅವಳು ಹಾಗೆ ನೋಡದೆಯೇ ಸತ್ಕರಿಸಿದ್ದಕ್ಕೆ ಕಾರಣವಿತ್ತು. ದ್ರಾಕ್ಷಾಯಿಣಿ ಗಂಗಾವತಿಯಾಚೆಯ ಕಾಲುವೆ ಸೀಮೆಯವಳು. ಕೊಪ್ಪಳದ ಖಾಸಗಿ ಕಣ್ಣಾಸ್ಪತ್ರೆಯೊಂದರಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರು ಹೇಳುವುದು ಅವಳ ಉದ್ಯೋಗ. ಊರಿನಿಂದ ಯಾರು ಜಿಲ್ಲಾ ಕೇಂದ್ರಕ್ಕೆ ಬಂದರೂ ಅವಳ ಕೋಣೆ ಅವರ ದಾರಿಯಲ್ಲಿರುತ್ತಿತ್ತು. ಡಿಸಿ ಆಫೀಸಿಗೆ ಬಂದವರು ಅಲ್ಲಿ ಮುಖ ತೊಳೆದರು, ದವಾಖಾನೆಗೆ ಬಂದವರು ಬುತ್ತಿ ಬಿಚ್ಚಿದರು, ಹುಬ್ಬಳ್ಳಿಯ ರೈಲಿಗೆ ಬಂದವರು ಹೊತ್ತು ಕಳೆದರು. ಅವ್ವನ ಫೋನು ಬರುತ್ತಿದ್ದದ್ದೂ "ನಾಳಿ ಸೋದರತ್ತಿ ಬರ್ತಾಳ, ಖೋಲಿ ಕೀಲಿ ಹಾಕ್ಕೊಂಡು ಹೋಗಬ್ಯಾಡ" ಎಂದು ಹೇಳುವುದಕ್ಕೆ. ಬಂದವರೆಲ್ಲ ಗಡಿಯಾರ ನೋಡುತ್ತಿದ್ದರು. ಅವರು ಎದ್ದುಹೋದ ಮೇಲೆ ಲೋಟಗಳನ್ನು ತೊಳೆಯುತ್ತ, ತನ್ನನ್ನೇ ನೋಡಲೆಂದು ಈ ಮೆಟ್ಟಿಲು ಹತ್ತಿದವರು ಯಾರಾದರೂ ಇದ್ದಾರೆಯೇ ಎಂದು ಅವಳು ಮನಸ್ಸಿನಲ್ಲೇ ಹುಡುಕುತ್ತಿದ್ದಳು. ಒಂದು ಮುಖವೂ ಸಿಗುತ್ತಿರಲಿಲ್ಲ.

ಸಣ್ಣ ಸುಖಗಳಿಗೆ ಕೊರತೆಯಿರಲಿಲ್ಲ. ಕೆಲಸ ಮುಗಿದ ಮೇಲೆ ಕಾಗದದ ಪೊಟ್ಟಣದಲ್ಲಿ ಬಿಸಿ ಮಿರ್ಚಿ ಬಜ್ಜಿ. ಆಸ್ಪತ್ರೆ ಖಾಲಿಯಿದ್ದಾಗ ಬೆಲೆಬಾಳುವ ಫ್ರೇಮುಗಳನ್ನು ಒಂದೊಂದಾಗಿ ತನ್ನ ಮೂಗಿನ ಮೇಲೇರಿಸಿ ಕನ್ನಡಿಗೆ ಹುಬ್ಬು ಹಾರಿಸುವುದು. ಸಂಜೆಯ ಪ್ಯಾಸೆಂಜರ್ ಹೊರಡುವಾಗ ಮಾಳಿಗೆಯ ಗೋಡೆಗೆ ಒರಗಿ ಕಿಟಕಿಗಳ ಬೆಳಕು ಹಾದುಹೋಗುವುದನ್ನು ನೋಡುವುದು. ಎಲ್ಲ ಸುಖಗಳೂ ಒಬ್ಬಳಿಗೇ ಸಾಲುವಷ್ಟಿದ್ದವು. ಹೆಚ್ಚಾದಾಗಲೇ ನೋವಾಗುತ್ತಿತ್ತು, ಹಂಚಿಕೊಳ್ಳಲು ಯಾರೂ ಇರಲಿಲ್ಲ.

ವಿರುಪಾಕ್ಷಿ ಯಲಬುರ್ಗಾ ಕಡೆಯ ಎರೆಭೂಮಿಯವನು. ಹನಿ ನೀರಾವರಿಯ ಪೈಪು ಮಾರುವ ಕಂಪನಿಯಲ್ಲಿದ್ದ. ಕುಷ್ಟಗಿ, ಕುಕನೂರು, ಕನಕಗಿರಿಗಳ ದಾಳಿಂಬೆ ತೋಟಗಳಲ್ಲಿ ಪೈಪು ಎಳೆಸಿ, ಸಂಜೆ ಕೆಮ್ಮಣ್ಣು ಮೆತ್ತಿದ ಪ್ಯಾಂಟಿನಲ್ಲಿ ಮಾಳಿಗೆ ಹತ್ತಿ ಬರುತ್ತಿದ್ದ. ಮಿರ್ಚಿಯ ಪೊಟ್ಟಣ ಬರಬರುತ್ತ ದೊಡ್ಡದಾಯಿತು.

"ನಿಮ್ಮ ಕಣ್ಣು ಒಮ್ಮಿ ಟೆಸ್ಟ್ ಮಾಡಬೇಕು," ಎಂದಳು ಅವಳು ಒಂದು ಸಂಜೆ.

"ಯಾಕ್ರಿ? ಎಲ್ಲಾ ಛಲೋ ಕಾಣತಾವ."

"ರೈಲು ಆ ಕಡೆ ಹೊಂಟೈತಿ, ನೀವು ಈ ಕಡೆ ನೋಡಾಕತ್ತೀರಿ."

"ರೈಲು ದಿನಾ ಅದ ಐತಿ," ಎಂದ ಅವನು, ಮಿರ್ಚಿಯ ತೊಟ್ಟನ್ನು ಬೆರಳ ನಡುವೆ ತಿರುಗಿಸುತ್ತ.

ಅವಳು ಪೊಟ್ಟಣವನ್ನು ಅವನತ್ತ ಸರಿಸಿದಳು. ಮರುದಿನ, ಗಂಗಾವತಿಯಲ್ಲಿ ತೆರೆಯಲಿರುವ ಹೊಸ ಶಾಖೆಗೆ ಹೋಗುವೆಯಾ ಎಂದು ಡಾಕ್ಟರು ಕೇಳಿದಾಗ, "ಇನ್ನೊಂದು ಸ್ವಲ್ಪ ದಿನ ತಡೀರಿ ಸರ್," ಎಂದಳು. ತವರಿಗೆ ಹತ್ತಿರದ ಊರು. ಹಿಂದಾಗಿದ್ದರೆ ಕೂಡಲೇ ಒಪ್ಪುತ್ತಿದ್ದಳು.

ಶ್ರಾವಣ ಬಂತು. ನಾಗರ ಪಂಚಮಿಯ ಹಿಂದಿನ ದಿನ ಆ ಸೀಮೆಯಲ್ಲಿ ರೊಟ್ಟಿ ಹಬ್ಬ. ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ಅವುಗಳ ಮೇಲೆ ಹಿಂಡಿ ಎಂಬ ಚಟ್ನಿಪುಡಿ, ಪಲ್ಯ. ಮನೆಯಿಂದ ಮನೆಗೆ ಒಯ್ದು ಕೊಡುವುದಕ್ಕೆ ರೊಟ್ಟಿ ಬೀರುವುದು ಎನ್ನುತ್ತಾರೆ. ಕೆಲಸದ ಒತ್ತಡದಿಂದ ವಿರುಪಾಕ್ಷಿಗೆ ಈ ಸಲ ಊರಿಗೆ ಹೋಗಲಾಗಲಿಲ್ಲ.

"ಸಣ್ಣಾವಿದ್ದಾಗಿಂದ ಒಂದು ವರ್ಷನೂ ತಪ್ಪಿಸಿಲ್ರಿ," ಎಂದ. "ಹಬ್ಬದ ದಿನ ಖಾನಾವಳಿ ರೊಟ್ಟಿ ತಿನ್ನೂದಂದ್ರ ಒಂಥರಾ ಪರದೇಶಿ ಆದಂಗ."

ದ್ರಾಕ್ಷಾಯಿಣಿ ಅನ್ನ ಉಣ್ಣುವ ನಾಡಿನವಳು. ರೊಟ್ಟಿ ಬಡಿಯುವುದು ಅವಳ ಕೈಗೆ ಬಂದ ವಿದ್ಯೆಯಲ್ಲ. ಅವನಿಗೆ ತಿಳಿಯದಂತೆ ಅಮರಮ್ಮನ ಅಡುಗೆಮನೆ ಸೇರಿದಳು. ಹಿಟ್ಟಿಗೆ ಬಿಸಿನೀರು ಹೆಚ್ಚಾಯಿತು, ಕಡಿಮೆಯಾಯಿತು. ಅಂಚು ಸೀಳಿತು, ನಡು ದಪ್ಪಗಾಯಿತು. ರೊಟ್ಟಿ ಎತ್ತುವಾಗ ಹೆಬ್ಬೆರಳು ಒತ್ತಿ ಅಂಚಿನ ಹತ್ತಿರ ಒಂದು ಕುಳಿ ಬೀಳುತ್ತಿತ್ತು. ಎಷ್ಟು ಕಲಿತರೂ ಆ ಕುಳಿ ಹೋಗಲಿಲ್ಲ.

"ಇರಲಿ ಬಿಡವ್ವಾ," ಎಂದರು ಅಮರಮ್ಮ. "ನಿನ್ನ ಸಿಕ್ಕಾ ಹೊಡದಂಗ ಆತು. ಕಳವಾದ್ರ ಗುರ್ತು ಹಿಡೀಬಹುದು."

ಹಬ್ಬದ ಬೆಳಿಗ್ಗೆ, ಬಡಿದ ರೊಟ್ಟಿಗಳನ್ನೆಲ್ಲ ತಟ್ಟೆಯಲ್ಲಿ ಜೋಡಿಸಿ, ಬಿಳಿ ಬಟ್ಟೆ ಮುಚ್ಚಿ, ಅವನ ಬಾಗಿಲಿಗೆ ಹೋದಳು. ಅಮರಮ್ಮನಿಗಾಗಿಯೂ ಒಂದನ್ನು ಉಳಿಸಿರಲಿಲ್ಲ.

"ದಪ್ಪ ಅದಾವ," ಎಂದಳು ಮೊದಲೇ.

"ಹಲ್ಲು ಗಟ್ಟಿ ಅದಾವ್ರಿ." ಅವನು ಬಟ್ಟೆ ಸರಿಸಿದ. ಮೇಲಿನ ರೊಟ್ಟಿಯ ಅಂಚಿನ ಕುಳಿಯನ್ನು ಕಂಡ. ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ನೋಡಿದ. ಕುಳಿ ಚಿಕ್ಕದು, ಬೆರಳು ದೊಡ್ಡದು. ತಲೆಯೆತ್ತಿ ಅವಳ ಕೈಯನ್ನು ನೋಡಿದ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇವು ನನಗಂತ ಮಾಡಿದ್ರೇನ್ರಿ?"

"ಮತ್ತ ಓಣಿಗೆಲ್ಲಾ ಮಾಡಾಕ ನನಗ ಎಲ್ಲಿ ಬರತೈತಿ?"

ಅವನು ಏನೋ ಹೇಳಹೊರಟ. ಅವಳು ಹೇಳಿಸಿಕೊಳ್ಳುವ ಧೈರ್ಯ ಸಾಲದೆ ಆಸ್ಪತ್ರೆಗೆ ಹೊರಟುಬಿಟ್ಟಳು. ಅಂದು ಅವಳಿಗೆ ಎಲ್ಲ ಗಾಜುಗಳಲ್ಲೂ ಲೋಕ ಸ್ಪಷ್ಟವಾಗಿಯೇ ಕಂಡಿತು.

ಸಂಜೆ ಮನೆಗೆ ಬರುವಾಗ ಓಣಿಯ ಮೂಲೆಮನೆಯ ಮೆಟ್ಟಿಲನ್ನು ವಿರುಪಾಕ್ಷಿ ಇಳಿಯುತ್ತಿದ್ದ. ಕೈಯಲ್ಲಿ ಅವಳ ತಟ್ಟೆ, ಹೆಗಲ ಮೇಲೆ ಬಿಳಿ ಬಟ್ಟೆ. ತಟ್ಟೆ ಬರಿದಾಗಿತ್ತು. ಅವನು ಅವಳನ್ನು ನೋಡಲಿಲ್ಲ. ಅವಳು ಒಳಗೆ ಬಂದಾಗ ಅಮರಮ್ಮ ಉಣ್ಣಲು ಕರೆದರು. ಓಣಿಯ ಮನೆಗಳಿಂದ ಬಂದ ರೊಟ್ಟಿಗಳ ರಾಶಿಯಿಂದ ಒಂದನ್ನು ತೆಗೆದು, ಒಂದು ಬಗೆಯ ನಗೆ ನಗುತ್ತ ಅವಳ ಮುಂದಿಟ್ಟರು. ಅಂಚಿನ ಹತ್ತಿರ ಕುಳಿಯಿತ್ತು.

ಆ ನಗುವನ್ನು ಅವಳು ಕನಿಕರವೆಂದು ತಿಳಿದಳು. ಏನನ್ನೂ ಕೇಳಲಿಲ್ಲ. ಬೇರೆ ರೊಟ್ಟಿಯನ್ನು ಮುರಿದು ಎರಡು ತುತ್ತು ಉಂಡು ಮೇಲೆ ಹೋದಳು. ತನ್ನ ಕೋಣೆಗೆ ಬರುವವರು ಚಹಾ ಕುಡಿದು ಮುಂದೆ ಹೋಗುತ್ತಾರೆ. ತನ್ನ ಕೈಯಿಂದ ಹೊರಟ ರೊಟ್ಟಿಗೂ ಅದೇ ಗತಿ. ಯಾರ ಬಳಿಯೂ ನಿಲ್ಲಲಿಲ್ಲ.

ಮುಂದಿನ ದಿನಗಳಲ್ಲಿ ಅವಳು ಮಿರ್ಚಿ ತರಲಿಲ್ಲ. ಗೋಡೆಯ ಬಳಿ ನಿಲ್ಲಲಿಲ್ಲ. ಕೊನೆಗೆ ಅವನೇ ಬಾಗಿಲಿಗೆ ಬಂದ.

"ನನ್ನಿಂದ ಏನರ ತಪ್ಪಾತೇನ್ರಿ?"

"ತಟ್ಟಿ ನಿಮಗ ಕೊಟ್ಟ ಮ್ಯಾಲ ನಿಮ್ಮದು. ಬೇಕಾದವರಿಗಿ ಕೊಡ್ರಿ. ಅದರಾಗ ತಪ್ಪೇನೈತಿ?"

ಅವನ ಮುಖದ ಬಣ್ಣ ಇಳಿಯಿತು. "ನಿಮ್ಮನ್ನ ಕೇಳದ ಮಾಡಬಾರದಿತ್ತು. ಗೊತ್ತಾತ್ರಿ," ಎಂದು ಹೇಳಿ ತಿರುಗಿದ. ತಪ್ಪನ್ನು ಒಪ್ಪಿಕೊಂಡನಲ್ಲ, ಅದೇ ಸಾಕು ಎಂದುಕೊಂಡಳು. ಮರುದಿನವೇ ಡಾಕ್ಟರಿಗೆ ಗಂಗಾವತಿಗೆ ಹೋಗುವುದಾಗಿ ತಿಳಿಸಿದಳು. ಅವಳ ಜಾಗಕ್ಕೆ ಇನ್ನೊಬ್ಬಳು ಗೊತ್ತಾದಳು. ದ್ರಾಕ್ಷಾಯಿಣಿ ಪಾತ್ರೆಗಳನ್ನು ರಟ್ಟಿನ ಡಬ್ಬಕ್ಕೆ ತುಂಬತೊಡಗಿದಳು.

ಹೊರಡುವ ಮುಂಚಿನ ಶನಿವಾರ ಕಣ್ಣು ತೋರಿಸಲು ಬಂದವಳು ಮೂಲೆಮನೆಯ ಸರ್ದಾರಬೀ. ಪ್ರಾಯ ಸಂದ ಹೆಂಗಸು, ನಾಲಿಗೆಗೆ ಇನ್ನೂ ಪ್ರಾಯ. ದ್ರಾಕ್ಷಾಯಿಣಿ ಅವಳ ಕಣ್ಣ ಮುಂದೆ ಗಾಜು ಬದಲಿಸುತ್ತ ಕೇಳಿದಳು:

"ಇದರಾಗ ಛಲೋ ಕಾಣತೈತೋ, ಇದರಾಗೋ?"

"ಎರಡೂ ಅಷ್ಟ. ನಿನ್ನ ಮಾರಿ ಸಣ್ಣಗಾಗೈತಲ್ಲ, ಅದು ಛಲೋ ಕಾಣತೈತಿ. ಲಗ್ನ ಆಗೋ ಹುಡುಗಿ ಹಿಂಗ ಇರತಾಳೇನು?"

"ಯಾರ ಲಗ್ನರಿ?"

"ಅಯ್ಯ, ನನ್ನದಾ? ನಿಮ್ಮ ಮನಿ ರೊಟ್ಟಿ ತಿಂದು ಹಲ್ಲು ಇನ್ನೂ ನೋಯಾಕತ್ತೈತಿ. ದಪ್ಪ ಮಾಡಿದ್ದಿ. ಆದ್ರ ರುಚಿ ಇತ್ತು."

ದ್ರಾಕ್ಷಾಯಿಣಿ ಗಾಜನ್ನು ಪೆಟ್ಟಿಗೆಯಲ್ಲಿಟ್ಟಳು. "ಅವನ್ನ ಅವರು ಯಾರ್ಯಾರಿಗೋ ಹಂಚಿಬಿಟ್ರು. ನಾ ಅವರಿಗಂತ ಕೊಟ್ಟಿದ್ನಿ."

ಸರ್ದಾರಬೀ ಪರೀಕ್ಷೆಯ ಚೌಕಟ್ಟನ್ನು ಮೂಗಿನಿಂದ ಇಳಿಸಿ ಅವಳನ್ನೇ ನೋಡಿದಳು. "ನಮ್ಮದು ಆ ಹಬ್ಬ ಅಲ್ಲ ಖರೆ. ಓಣಿ ರಿವಾಜು ನನಗ ಗೊತ್ತಿಲ್ಲೇನು? ಮಂದಿ ಮನಿಯಿಂದ ಬಂದ ರೊಟ್ಟಿ ತಿನ್ನೂದು ತಂಗಿ, ಬೀರೂದಲ್ಲ. ಬೀರೂದು ತನ್ನ ಮನಿ ಒಲಿಮ್ಯಾಗ ಆಗಿದ್ದನ್ನ ಅಷ್ಟ. ಅಂವ ಬಾಗಲಾಗ ನಿಂತು, 'ಚಾಚಿ, ನಮ್ಮ ಮನಿ ರೊಟ್ಟಿ' ಅಂತ ಕೊಟ್ಟ. ಒಬ್ಬಂಟಿ ಹುಡುಗಗ ಎಲ್ಲಿ ಬಂತಪಾ ಮನಿ ಅಂತ ಕೇಳಿದ್ನಿ. ನಿಮ್ಮ ಮಾಳಿಗಿ ಕಡೆ ನೋಡಿ ನಕ್ಕ. ಅಮರಮ್ಮಗೂ ಹಂಗ ಹೇಳ್ಯಾನ. ಓಣಿಗೆಲ್ಲಾ ಗೊತ್ತೈತಿ, ನಿನಗೊಬ್ಬಾಕಿಗೆ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಭತ್ತದ ಗದ್ದೆಗಳ ನಡುವಿನ ಅವಳ ಊರಿನಲ್ಲಿ ರೊಟ್ಟಿ ಹಬ್ಬಕ್ಕೆ ಆ ಕಟ್ಟಲೆ ಇರಲಿಲ್ಲ. ಅವನು ಯಾವ ಮಾತನ್ನು ಓಣಿಯ ಒಂದೊಂದು ಹೊಸ್ತಿಲಲ್ಲಿ ನಿಂತು ಆಡಿದ್ದನೋ, ಅದನ್ನೇ ಅವಳು ಉಣ್ಣದೆ ಪಕ್ಕಕ್ಕೆ ಸರಿಸಿದ್ದಳು. ತನ್ನ ಮನೆಯವಳೆಂದು ಕರೆದದ್ದಕ್ಕೆ ಅವಳು ಸಿಟ್ಟಾಗಿದ್ದಾಳೆಂದು ಅವನು ತಿಳಿದಿದ್ದ. 'ನಿಮ್ಮನ್ನ ಕೇಳದ ಮಾಡಬಾರದಿತ್ತು' ಎಂಬ ಮಾತಿನ ಅರ್ಥ ಅವಳಿಗೆ ಕಣ್ಣು ಪರೀಕ್ಷೆಯ ಆ ಕತ್ತಲೆಕೋಣೆಯಲ್ಲಿ, ಗಾಜುಗಳ ಪೆಟ್ಟಿಗೆಯ ಮುಂದೆ ಹೊಳೆಯಿತು.

"ನನ್ನ ನಂಬರ್ ಹೇಳಿ ಅಳವ್ವಾ," ಎಂದಳು ಸರ್ದಾರಬೀ. "ನನಗ ಮನಿ ಕೆಲಸ ಐತಿ."

ಮರುದಿನ ದ್ರಾಕ್ಷಾಯಿಣಿ ಕುಕನೂರಿನ ಬಸ್ಸು ಹತ್ತಿದಳು. ವಿರುಪಾಕ್ಷಿ ಎಲ್ಲಿದ್ದಾನೆಂದು ಹೇಳಿದವರು ಅಮರಮ್ಮ. ಮುಗಿಲು ಮುಚ್ಚಿಕೊಂಡಿತ್ತು. ಹೆಸರುಕಾಳಿನ ಹೊಲಗಳು ಹಿಂದೆ ಸರಿದವು. ಕಿಟಕಿಯ ಪಕ್ಕ ಕುಳಿತು, ಯಾವ ಕೆಲಸವೂ ಇಲ್ಲದೆ, ಒಬ್ಬರನ್ನು ನೋಡುವುದಕ್ಕೆಂದೇ ಹೀಗೆ ಹೊರಟದ್ದು ತನಗೆ ಇದೇ ಮೊದಲೆಂದು ಅವಳಿಗೆ ಅರಿವಾಯಿತು. ಬಾರದವರನ್ನು ದೂರಿಕೊಂಡು ಕುಳಿತವಳು ತಾನೂ ಯಾರ ಬಾಗಿಲಿಗೂ ಹೋಗಿರಲಿಲ್ಲ.

ದಾಳಿಂಬೆ ಗಿಡಗಳ ಸಾಲಿನಲ್ಲಿ ಅವನು ಮೊಣಕಾಲೂರಿ ಪೈಪು ಜೋಡಿಸುತ್ತಿದ್ದ. ಅವಳನ್ನು ಕಂಡು ಎದ್ದ, ಅಂಗೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿದ.

"ಇಲ್ಲಿ ಯಾರರ ಬೇಕಾದವರು ಅದಾರೇನ್ರಿ?"

"ಅದಾರ."

"ಯಾರ್ರಿ?"

"ಕಣ್ಣು ಟೆಸ್ಟ್ ಮಾಡಿಸ್ಕೊಳ್ರಿ ಅಂತ ಅವತ್ತ ಹೇಳಿದ್ನಿ."

ಅವನು ನಗಲು ಹೋಗಿ ನಿಲ್ಲಿಸಿದ. ನಗಬಹುದೋ ಇಲ್ಲವೋ ಎಂದು ಅವಳ ಮುಖದಲ್ಲಿ ಹುಡುಕಿದ.

"ರಿವಾಜು ನನಗ ಗೊತ್ತಿರಲಿಲ್ಲ," ಎಂದಳು ಅವಳು. "ನನ್ನ ರೊಟ್ಟಿ ಒಲ್ಲಾರದ ಮಂದಿಗಿ ಕೊಟ್ಟೀರಿ ಅಂತ ತಿಳಿದಿದ್ನಿ."

"ಒಲ್ಲಾರದ?" ಅವನ ದನಿ ಇಳಿಯಿತು. "ಬೀರಾಕ ನನ್ನ ಕಡೆ ಮತ್ತೇನಿತ್ತು? ಮನಿ ಅಂತ ಅನಿಸಿದ್ದ ಆವತ್ತು. ಹೇಳಾಕ ಬಾಯಿ ಬರಲಿಲ್ಲ, ರೊಟ್ಟಿ ಕಡಿಂದ ಹೇಳಿಸಿದೆ. ನೀವು ಸಿಟ್ಟಾದ್ರಿ. ಅಲ್ಲಿಗೆ ಮುಗೀತು ಅಂತ ಸುಮ್ಮನಾದ್ನಿ."

"ನಾ ಗಂಗಾವತಿಗಿ ಹೂಂ ಅಂದುಬಿಟ್ಟೀನಿ. ನಾಳಿ ಹೋಗಬೇಕು. ನನ್ನ ಜಾಗಕ್ಕ ಬ್ಯಾರೇದಾಕಿ ಬಂದಾಳ."

ಗಾಳಿಗೆ ಗಿಡಗಳು ಅಲುಗಿದವು. ತಡವಾದದ್ದು ತಡವಾಗಿಯೇ ಇತ್ತು. ಒಂದು ಬಸ್ ಪ್ರಯಾಣದಿಂದ ಅದು ಹಿಂದಕ್ಕೆ ಹೋಗುವಂತಿರಲಿಲ್ಲ. ಮತ್ತೆ ಒಂದು ಹೊಸ ಕೋಣೆ, ಮತ್ತೆ ಸಂಜೆಗಳು.

ಆಗ ತೋಟದೊಡತಿ ಹಂಪವ್ವ ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತು ಬದುವಿನ ಮೇಲೆ ಬಂದಳು. ದ್ರಾಕ್ಷಾಯಿಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ತಮ್ಮಾ, ಯಾರೋ ಈಕಿ? ಕಂಪನಿಯಾಕೇನು?"

ವಿರುಪಾಕ್ಷಿ ಬಾಯಿ ತೆರೆದ. ಒಮ್ಮೆ ಕೇಳದೆ ಹೇಳಿ ಸುಟ್ಟುಕೊಂಡವನು. ಈ ಸಲ ತುಟಿ ಬಿಗಿಹಿಡಿದು ಅವಳ ಕಡೆ ನೋಡಿದ. ಆ ನೋಟದಲ್ಲಿ ಅಪ್ಪಣೆ ಕೇಳುವ ಅಂಜಿಕೆಯಿತ್ತು.

ದ್ರಾಕ್ಷಾಯಿಣಿ ಹಂಪವ್ವನ ತಲೆಯ ಮೇಲಿನ ಬುಟ್ಟಿಗೆ ಕೈಕೊಟ್ಟು ಇಳಿಸಿದಳು.

"ಕಂಪನಿಯಾಕಿ ಅಲ್ಲಬೇ," ಎಂದಳು. "ಇವರ ಮನಿಯಾಕಿ."

"ಮತ್ತ ಇಷ್ಟು ದಿನ ಒಬ್ಬನ ಉಣತಿದ್ದ?"

"ಇನ್ನೂ ಸ್ವಲ್ಪ ದಿನ ಒಬ್ಬರ ಉಣತಾರ. ನಾನೂ ಒಬ್ಬಾಕಿನ ಉಣತೀನಿ, ಗಂಗಾವತಿಯಾಗ." ಅವಳು ಬುಟ್ಟಿಯನ್ನು ನೆಲಕ್ಕಿಟ್ಟಳು. "ಈ ಹೊತ್ತು ಮಾತ್ರ ಕೂಡಿ ಉಣತೀವಿ."

ಹಂಪವ್ವ ಹೆಚ್ಚು ಕೇಳಲಿಲ್ಲ. ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿ, ತನಗೆಂದು ತಂದದ್ದನ್ನೂ ಸೇರಿಸಿ ಇಬ್ಬರ ನಡುವೆ ಇಟ್ಟು, ನೀರು ತರುವ ನೆಪ ಮಾಡಿ ಎದ್ದುಹೋದಳು.